ನೂಲೆಳೆಯಷ್ಟು ಕಿರಿದಾದ ಎಲೆ

ಪ್ರೆಸ್ಸಿನಲ್ಲಿ ಎಲ್ಲರೂ ಅವನನ್ನು ನೂಲೆಳೆ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಇತ್ತು, ಅಲ್ಲೇ ಉಳಿಯಿತು. ಕಾಗದ ಕತ್ತರಿಸುವ ಯಂತ್ರದ ಮುಂದೆ ಮೂವತ್ತೊಂದು ವರ್ಷ ನಿಂತ ಮನುಷ್ಯ ಅವನು. ಪಠ್ಯಪುಸ್ತಕವಾಗಲಿ, ರಸೀದಿ ಪುಸ್ತಕವಾಗಲಿ, ಔಷಧದ ಬಾಟಲಿಗೆ ಅಂಟಿಸುವ ಚೀಟಿಯಾಗಲಿ, ಅಂಚು ಒಂದು ನೂಲೆಳೆಯಷ್ಟು ವಾಲಿದರೂ ಇಡೀ ಕಟ್ಟನ್ನು ಮತ್ತೆ ಯಂತ್ರಕ್ಕೆ ಕೊಡುತ್ತಿದ್ದ. "ಗಿರಾಕಿಗೆ ಗೊತ್ತಾಗಲ್ಲ, ಬಿಡಯ್ಯ" ಎಂದು ಯಜಮಾನರು ಹೇಳಿದರೆ, "ನನಗೆ ಗೊತ್ತಾಗುತ್ತಲ್ಲ ಸ್ವಾಮಿ" ಎನ್ನುತ್ತಿದ್ದ. ಇಂಥವರ ಜೊತೆ ಕೆಲಸ ಮಾಡುವುದೇ ಕಷ್ಟ. ಸಂಸಾರ ಮಾಡುವುದಂತೂ ಆ ದೇವರಿಗೇ ಪ್ರೀತಿ.

ಎಡಗೈಯ ಕಿರುಬೆರಳಿನ ತುದಿ ಅವನಿಗಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಯಂತ್ರ ಅದನ್ನು ತೆಗೆದುಕೊಂಡಿತ್ತು. ಆಮೇಲೆ ಬಂದ ಯಂತ್ರಕ್ಕೆ ಎರಡು ಗುಂಡಿಗಳಿದ್ದವು, ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಲಗು ಕೆಳಗಿಳಿಯುತ್ತಿತ್ತು. "ಇದು ಒಳ್ಳೇದು, ಕೈ ಎರಡೂ ಮೇಲಿರುತ್ತೆ, ಕದಿಯೋಕೂ ಆಗಲ್ಲ" ಎಂದು ಹೊಸಬರಿಗೆ ಹೇಳಿ ನಗಿಸುತ್ತಿದ್ದ. ಅವನು ಹೇಳುತ್ತಿದ್ದ ತಮಾಷೆ ಅದೊಂದೇ. ವರ್ಷಕ್ಕೆ ನಾಲ್ಕು ಸಲ ಹೇಳುತ್ತಿದ್ದ.

ಅವನ ಹೆಂಡತಿ ಅದೇ ಪ್ರೆಸ್ಸಿನ ಮಹಡಿಯಲ್ಲಿ ಕೆಲಸಕ್ಕಿದ್ದವಳು. ಉದ್ದನೆಯ ಮೇಜಿನ ಮೇಲೆ ಫಾರಂಗಳು ಸಾಲಾಗಿ ಇರುತ್ತಿದ್ದವು. ಫಾರಂ ಎಂದರೆ ಹದಿನಾರು ಪುಟ ಅಚ್ಚಾಗಿ ಮಡಿಸಿದ ಒಂದು ಹಾಳೆ. ಮೇಜಿನ ಉದ್ದಕ್ಕೂ ನಡೆಯುತ್ತಾ ಒಂದರ ಮೇಲೊಂದು ಎತ್ತಿ ಜೋಡಿಸಿದರೆ ಪುಸ್ತಕ. ದಿನಕ್ಕೆ ಎಷ್ಟು ಸಾವಿರ ಹೆಜ್ಜೆ ನಡೆದಳೋ, ಎಲ್ಲೂ ಹೋಗಲಿಲ್ಲ. ಆದರೆ ಅವಳ ಹೆಬ್ಬೆರಳಿಗೆ ಕಣ್ಣಿತ್ತು. ಅವರ ಪರಿಚಯವಾದದ್ದೂ ಅದರಿಂದಲೇ. ಅವನು ಕತ್ತರಿಸಿ ಕಳಿಸಿದ ಐನೂರರ ಕಟ್ಟನ್ನು ಅವಳು ಎತ್ತಿಕೊಂಡು ಕೆಳಗಿಳಿದು ಬಂದು, ಎಲ್ಲರೆದುರು ಅವನ ಮುಂದೆ ಇಟ್ಟಿದ್ದಳು.

"ಇದರಲ್ಲಿ ಒಂದು ಹಾಳೆ ಕಮ್ಮಿ ಇದೆ."

"ಎಣಿಸಿದ್ರಾ?"

"ಎಣಿಸೋದು ಯಾಕೆ? ಕೈಗೆ ಗೊತ್ತಾಗಲ್ವಾ?"

ಅವನು ಹಟಕ್ಕೆ ಬಿದ್ದು ಎಣಿಸಿದ. ನಾನೂರ ತೊಂಬತ್ತೊಂಬತ್ತು. ಆರು ತಿಂಗಳಿಗೆ ಮದುವೆಯಾಯಿತು.

ಅವಳಿಗೆ ಬಾರದ ವಿದ್ಯೆ ಒಂದೇ, ನೇರವಾಗಿ ಕತ್ತರಿಸುವುದು. ಮಗಳ ಪುಸ್ತಕಕ್ಕೆ ಹೊದಿಕೆ ಹಾಕಲಿ, ಕಿಟಕಿಗೆ ಕಾಗದ ಅಂಟಿಸಲಿ, ಅವಳ ಕತ್ತರಿ ಮೇಲೆ ಸರಿಯಾಗಿ ಹೊರಟು ಕೆಳಗೆ ಬರುಬರುತ್ತಾ ಎಡಕ್ಕೆ ವಾಲುತ್ತಿತ್ತು. ನೂಲೆಳೆ ಹಲ್ಲು ಕಚ್ಚಿಕೊಂಡು ಆ ಹೊದಿಕೆಗಳನ್ನು ಕದ್ದು ಪ್ರೆಸ್ಸಿಗೆ ಒಯ್ದು ಅಂಚು ಸರಿಮಾಡಿ ತರುತ್ತಿದ್ದ. ಅವಳಿಗೆ ಅದೂ ಗೊತ್ತಾಗುತ್ತಿತ್ತು. "ನೀವು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ, ನೆನಪಿರಲಿ" ಎನ್ನುತ್ತಿದ್ದಳು. ಮತ್ತೆ ಮುಂದಿನ ವರ್ಷ ಬೇಕೆಂದೇ ಇನ್ನಷ್ಟು ವಾಲಿಸಿ ಕತ್ತರಿಸುತ್ತಿದ್ದಳೇನೋ, ಯಾರು ಬಲ್ಲರು.

ಕಾಯಿಲೆ ಗೊತ್ತಾದದ್ದು ಒಂದು ಗಣಿತದ ಪುಸ್ತಕದಿಂದ. ನಲವತ್ತೆಂಟನೆಯ ಪುಟವಾದ ಮೇಲೆ ಅರವತ್ತೈದನೆಯ ಪುಟ ಇದೆ ಎಂದು ಶಾಲೆಯೊಂದರಿಂದ ಪುಸ್ತಕ ವಾಪಸು ಬಂತು. ಒಂದು ಫಾರಂ ಇಡೀ ಬಿಟ್ಟುಹೋಗಿತ್ತು. ಮೊದಲು ಒಂದು ಪುಸ್ತಕ, ಆಮೇಲೆ ಹನ್ನೊಂದು. ಯಜಮಾನರು ಪುಸ್ತಕಗಳನ್ನು ಮಹಡಿಗೆ ಕಳಿಸಿದರು. ಅವಳೇ ಮೇಜಿನ ಮುಂದೆ ನಿಂತು ತನ್ನ ಬೆರಳುಗಳನ್ನು ಬೇರೆ ಯಾರದೋ ಬೆರಳೆಂಬಂತೆ ನೋಡಿಕೊಂಡಳು. "ಎರಡು ತಿಂಗಳಿಂದ ಹೀಗೇ ಕಣ್ರೀ. ಕೈಗೆ ಬಟ್ಟೆ ಸುತ್ತಿಕೊಂಡ ಹಾಗಿದೆ. ಹೇಳಿದ್ರೆ ನೀವು ಗಾಬರಿ ಆಗ್ತೀರಿ ಅಂತ ಸುಮ್ಮನಿದ್ದೆ."

ಕುತ್ತಿಗೆಯ ಹಿಂದೆ, ಬೆನ್ನುಹುರಿಗೆ ಅಂಟಿಕೊಂಡು ಗಡ್ಡೆ ಬೆಳೆದಿತ್ತು.

ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಮೂರು ಕಾಲದಲ್ಲಿ ಕಟ್ಟಿದ ಮೂರು ಕಟ್ಟಡಗಳನ್ನು ಓಣಿಗಳಿಂದ ಹೊಲಿದು ಒಂದು ಮಾಡಿದ್ದ ಆಸ್ಪತ್ರೆ ಅದು. ಒಂದನೆಯ ಮಹಡಿಯಲ್ಲಿ ನಡೆಯುತ್ತಾ ಹೋದರೆ ಮೆಟ್ಟಿಲು ಹತ್ತದೆಯೇ ಎರಡನೆಯ ಮಹಡಿಗೆ ಬಂದಿರುತ್ತೇವೆ ಎಂದು ಜನ ಹೇಳುತ್ತಿದ್ದರು, ಸುಳ್ಳಲ್ಲ. ಗೋಡೆಯ ಮೇಲಿನ ಬಾಣದ ಗುರುತುಗಳಲ್ಲಿ ಎರಡು ಒಂದಕ್ಕೊಂದು ಮುಖ ಮಾಡಿದ್ದವು. ಪರೀಕ್ಷೆಗೆಂದು ಗಾಲಿಕುರ್ಚಿಯಲ್ಲಿ ಹೋದವಳು ಒಂದು ದಿನ ಮುಕ್ಕಾಲು ಗಂಟೆ ತಡವಾಗಿ ಬಂದಳು. ತಳ್ಳುವವನಿಗೇ ದಾರಿ ತಪ್ಪಿತ್ತು.

"ಈ ಆಸ್ಪತ್ರೆ ಕಟ್ಟಿದ ಪುಣ್ಯಾತ್ಮನಿಗೆ ಮನೆಗೆ ಹೋಗೋ ಮನಸ್ಸಿರಲಿಲ್ಲ ಅಂತ ಕಾಣುತ್ತೆ" ಎಂದಳು ಮಗಳಿಗೆ. "ಇದನ್ನೇ ಒಂದು ಆಟ ಮಾಡಬಹುದು ನೋಡು. ಓಣಿ, ಬಾಗಿಲು, ಮುಚ್ಚಿದ ಗೋಡೆ. ಹೊರಗೆ ಬಂದವರು ಗೆದ್ದ ಹಾಗೆ."

ಮಗಳು ಕಟ್ಟಡದ ನಕ್ಷೆ ಬರೆಯುವ ಕಚೇರಿಯಲ್ಲಿದ್ದಳು. ಗೋಡೆ, ಬಾಗಿಲು, ಮೆಟ್ಟಿಲು ಬರೆಯುವುದು ಅವಳ ದಿನದ ಕೂಲಿ. ನಾಲ್ಕು ದಿನದಲ್ಲಿ ಆಟ ಸಿದ್ಧವಾಯಿತು. ಒಂದು ಹಾಳೆಗೆ ಇಸ್ಪೀಟಿನಂಥ ಒಂಬತ್ತು ಎಲೆ, ಒಟ್ಟು ಆರು ಹಾಳೆ, ಐವತ್ತನಾಲ್ಕು ಎಲೆ. ಕಚೇರಿಯ ಪ್ರಿಂಟರಿನಲ್ಲಿ ದಪ್ಪ ಕಾಗದದ ಮೇಲೆ ತೆಗೆದು ತಂದಳು. ಪ್ರತಿ ಎಲೆಯ ಮೇಲೆ ಒಂದು ತುಂಡು ಓಣಿ, ಬೆನ್ನಿಗೆ ಒಂದೇ ಥರದ ಅಡ್ಡಗೆರೆ. ನೂಲೆಳೆ ಮಧ್ಯಾಹ್ನದ ಬಿಡುವಿನಲ್ಲಿ ಹಾಳೆಗಳನ್ನು ಯಂತ್ರಕ್ಕೆ ಕೊಟ್ಟು ಕತ್ತರಿಸಿದ. ಎಲೆಗಳನ್ನು ಕೂಡಿಸಿ ಮೇಜಿನ ಮೇಲೆ ನಿಲ್ಲಿಸಿದರೆ ಮರದ ತುಂಡು ನಿಂತ ಹಾಗಿತ್ತು.

ನಿಯಮಗಳನ್ನು ಮಾಡಿದವಳು ಹೆಂಡತಿಯೇ. ಎಲೆ ಕಲೆಸಬೇಕು, ಆಡುವವರು ಕಟ್ಟನ್ನು ನಡುವೆ ಎಲ್ಲಾದರೂ ಎತ್ತಿ, ಕೆಳಗಿನದನ್ನು ಮೇಲೆ ಇಡಬೇಕು. ಆಮೇಲೆ ಒಂದೊಂದೇ ಎಲೆ ತೆರೆದು ಓಣಿಗೆ ಓಣಿ ಸೇರಿಸುತ್ತಾ ಹೋಗಬೇಕು. ಆಡುವವರ ಕೈಯಲ್ಲಿ ಒಂದು ದೀಪ ಇದೆ ಎಂದು ಲೆಕ್ಕ, ಅದರ ಎಣ್ಣೆ ಎಂದರೆ ಚೀಟಿಯ ಮೇಲೆ ಎಳೆದ ಇಪ್ಪತ್ತು ಗೆರೆ. ಒಂದು ಎಲೆ ತೆರೆದರೆ ಒಂದು ಗೆರೆ ಹೊಡೆದುಹಾಕಬೇಕು. ಬೀಗದ ಬಾಗಿಲು ಬಂದರೆ ಎರಡು ದಾಳ ಹಾಕಬೇಕು. ಎಂಟೋ ಅದಕ್ಕಿಂತ ಹೆಚ್ಚೋ ಬೀಳದಿದ್ದರೆ ಇನ್ನೂ ಮೂರು ಗೆರೆ ಹೋಯಿತು. ಐವತ್ತನಾಲ್ಕರಲ್ಲಿ ಒಂದೇ ಒಂದು ಎಲೆ ಹೊರದಾರಿ. ಅದು ಸಿಗುವ ಮೊದಲು ದೀಪ ಮುಗಿದರೆ ಅಲ್ಲೇ ಉಳಿದೆವು.

"ಇದು ಸೋಲೋ ಆಟ ಅಲ್ವಾ ಅಮ್ಮ?" ಎಂದಳು ಮಗಳು.

"ಮತ್ತೆ? ಆಸ್ಪತ್ರೆ ಅಂದ್ರೆ ಮಾವನ ಮನೆಯಾ?"

ವಾರ್ಡಿನಲ್ಲಿ ಅದಕ್ಕೆ ಗಿರಾಕಿಗಳು ಹುಟ್ಟಿಕೊಂಡರು. ಮಗಳು ಆರು ಹಾಳೆ ತೆಗೆದು ತರುತ್ತಿದ್ದಳು, ಅವನು ಕತ್ತರಿಸಿ ಕೊಡುತ್ತಿದ್ದ, ಹತ್ತು ಹನ್ನೆರಡು ಕಟ್ಟು ಹಂಚಿಹೋದವು. ಕಾಲು ಮುರಿದ ಬಸ್ಸಿನ ಡ್ರೈವರ್ ಒಬ್ಬ ಇಡೀ ದಿನ ಆಡುತ್ತಿದ್ದ. ವಾರ್ಡಿನ ಸಿಸ್ಟರ್ ಊಟದ ಹೊತ್ತಿನಲ್ಲಿ ನಿಂತುಕೊಂಡೇ ಒಂದಾಟ ಮುಗಿಸುತ್ತಿದ್ದರು. ಎಲ್ಲರೂ ಸೋಲುತ್ತಿದ್ದರು. ನಾಲ್ಕಕ್ಕೆ ಒಬ್ಬರು ಹೊರಬಂದರೆ ಹೆಚ್ಚು.

ಇಷ್ಟರಲ್ಲಿ ದೊಡ್ಡ ಡಾಕ್ಟರು ಬಂದರು. ಆಪರೇಷನ್ ಮಾಡಿದರೆ ಉಳಿಯಬಹುದು, ಮಾಡದಿದ್ದರೂ ಸ್ವಲ್ಪ ಕಾಲ ಇರಬಹುದು ಎಂದು ಮೊದಲು ಅಡ್ಡಗೋಡೆಯ ಮೇಲೆ ದೀಪ ಇಟ್ಟರು. ಮಗಳು ಬಿಡಲಿಲ್ಲ, ಬಿಡಿಸಿ ಹೇಳಿಸಿದಳು. ಆಪರೇಷನ್ ಮಾಡದಿದ್ದರೆ ಕೈ ಆಯಿತು, ಇನ್ನು ಕಾಲು, ಆಮೇಲೆ ಉಸಿರು, ಒಂದು ವರ್ಷ. ಮಾಡಿದರೆ ಹತ್ತರಲ್ಲಿ ಆರು ಜನ ಮನೆಗೆ ಹೋಗುತ್ತಾರೆ. ಉಳಿದ ನಾಲ್ಕು ಜನದ ಬಗ್ಗೆ ಡಾಕ್ಟರು ಏನೂ ಹೇಳಲಿಲ್ಲ. ಶುಕ್ರವಾರ ಜಾಗ ಇದೆ, ಗುರುವಾರ ಸಂಜೆಯೊಳಗೆ ತಿಳಿಸಿ ಎಂದು ಹೊರಟರು.

ಆಪರೇಷನ್ ಆಗಲೇಬೇಕು ಎಂದ ನೂಲೆಳೆ. ಅವಳಿಗೆ ಬೇಡವೇ ಬೇಡ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ಎರಡು ದಿನ ಕಳೆಯಿತು.

"ಒಂದು ವರ್ಷ ಕಮ್ಮಿ ಏನಲ್ಲ ರೀ. ಮನೇಲಿ ಮಲಗಿರ್ತೀನಿ. ನೀವು ಬರೋ ಸದ್ದು ಕೇಳಿಸುತ್ತೆ."

"ಉಸಿರು ಕಟ್ಟಿ ಸಾಯೋದನ್ನ ನಾನು ಕೂತು ನೋಡಬೇಕಾ?"

"ಅಲ್ಲಿ ಸತ್ರೆ ನೋಡೋಕೂ ಬಿಡಲ್ಲ."

ಅವನು ಜೀವಮಾನದಲ್ಲಿ ಮೊದಲ ಸಲ ಅವಳ ಮುಂದೆ ಕೈ ಮುಗಿದ. ಅವಳು ಮುಖ ತಿರುಗಿಸಿದಳು. ದಿಂಬಿನ ಪಕ್ಕದ ಎಲೆಗಳ ಕಟ್ಟನ್ನು ಗದ್ದದಿಂದ ತೋರಿಸಿದಳು. "ಸರಿ. ಇವತ್ತು ಸೋಮವಾರ. ನಾಳೆಯಿಂದ ದಿನಕ್ಕೊಂದು ಆಟ. ಮೂರಕ್ಕೆ ಮೂರೂ ಹೊರಗೆ ಬಂದ್ರೆ ಹೂಂ ಅಂತೀನಿ. ಒಂದು ಸೋತ್ರೂ ಮನೆಗೆ ಹೋಗೋಣ. ಮತ್ತೆ ಈ ಮಾತು ಎತ್ತಬಾರದು."

ಇದು ಬೇಡ ಎನ್ನುವುದರ ಇನ್ನೊಂದು ರೀತಿ ಎಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ನಾಲ್ಕಕ್ಕೆ ಒಂದು ಗೆಲ್ಲುವ ಆಟವನ್ನು ಸತತ ಮೂರು ಸಲ ಗೆಲ್ಲುವುದು ಎಂದರೇನು? ಕಾಗೆ ಬೆಳ್ಳಗಾದಾಗ ಬರುತ್ತೇನೆ ಎಂದ ಹಾಗೆ.

ಮಂಗಳವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ನೂಲೆಳೆ ಯಂತ್ರದ ಮುಂದೆ ನಿಂತ. ಹಿಂದಿನ ದಿನವೇ, ಅಂಚು ಮಾಸಿದೆ ಎಂದು ನೆಪ ಹೇಳಿ ಕಟ್ಟನ್ನು ತಂದಿದ್ದ. ಒಂಟಿ ಎಲೆಯನ್ನು ಅಲಗು ಸರಿಯಾಗಿ ಕತ್ತರಿಸುವುದಿಲ್ಲ, ಹರಿಯುತ್ತದೆ. ಮೇಲೊಂದು ಕೆಳಗೊಂದು ರದ್ದಿ ರಟ್ಟು ಇಟ್ಟು, ನಡುವೆ ಹೊರದಾರಿಯ ಎಲೆ ಇಟ್ಟು, ಬಲ ಅಂಚಿನಿಂದ ಒಂದು ನೂಲೆಳೆಯಷ್ಟು ತೆಗೆದ. ಕಣ್ಣಿಗೆ ಕಾಣದು, ಅವನ ಹೆಬ್ಬೆರಳಿಗೆ ಕಲೆಸುವಾಗ ಸಿಗುತ್ತದೆ. ಸಿಕ್ಕರೆ ಮೇಲಿನ ಏಳೆಂಟರೊಳಗೆ ಸೇರಿಸಬಹುದು. ಅವಳು ಕಟ್ಟು ಎತ್ತುವಾಗ? ಬೆರಳಲ್ಲಿ ಬಲವಿಲ್ಲದವಳು ಅಡಿಯಲ್ಲಿ ಏಳೆಂಟು ಎಲೆ ಮಾತ್ರ ಬಿಡುತ್ತಾಳೆ, ಅವು ಮೇಲೆ ಬಂದರೂ ಇಪ್ಪತ್ತು ದಾಟದು, ಅದನ್ನೂ ಲೆಕ್ಕ ಹಾಕಿದ್ದ. ಅವಳಿಗೆ ಗೊತ್ತಾದೀತೆಂಬ ಭಯ ಇರಲಿಲ್ಲ. ಐನೂರರಲ್ಲಿ ಒಂದು ಕಡಿಮೆಯಾದರೆ ಹೇಳುತ್ತಿದ್ದ ಆ ಬೆರಳು ಈಗ ಚಮಚ ಹಿಡಿದರೂ ಬೀಳಿಸುತ್ತಿತ್ತು. ಅವಳ ಕಾಯಿಲೆಯ ಮರೆಯಲ್ಲಿ ನಿಂತು ಅವಳಿಗೇ ಮೋಸ ಮಾಡುತ್ತಿದ್ದೇನೆ ಎಂದು ಅನ್ನಿಸಿತು. ಅನ್ನಿಸಿದರೂ ಮಾಡಿದ. ಅಂಚಿನಿಂದ ಬಿದ್ದ ಕಾಗದದ ಎಳೆಯನ್ನು ಜೇಬಿಗೆ ಹಾಕಿಕೊಂಡ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ.

ಸಂಜೆ ನಾಲ್ಕಕ್ಕೆ ಅವನೇ ಕಲೆಸಿದ. ಹದಿನಾರನೆಯ ಎಲೆಗೆ ಹೊರದಾರಿ ಬಂತು. "ಅರೆ!" ಎಂದು ಅವಳು ಹುಬ್ಬೇರಿಸಿದಳು, ಅಷ್ಟೇ. ಬುಧವಾರ ಹದಿಮೂರನೆಯದು. ಆದರೆ ಆ ದಿನ ನಡುವೆ ಎರಡು ಬೀಗದ ಬಾಗಿಲು ಬಂದವು. ಮೊದಲಿನದಕ್ಕೆ ದಾಳದಲ್ಲಿ ಐದು ಬಿತ್ತು, ಎರಡನೆಯದಕ್ಕೆ ಮೂರು. ಆರು ಗೆರೆ ಸುಮ್ಮನೆ ಹೋಯಿತು. ದಾಳವನ್ನು ಯಂತ್ರಕ್ಕೆ ಕೊಡಲು ಬರುವುದಿಲ್ಲವಲ್ಲ! ಅವನ ಬೆನ್ನು ಬೆವರಿತು. ಹೊರದಾರಿ ಬಂದಾಗ ದೀಪದಲ್ಲಿ ಉಳಿದದ್ದು ಒಂದೇ ಗೆರೆ.

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. "ಏನ್ರೀ, ಆಡಿದ್ದು ನಾನು, ಬೆವರು ನಿಮಗೆ?"

"ಸೆಕೆ" ಎಂದ.

ಅವನು ಹೊರಡುವಾಗ ಅವಳು ಎಲೆಗಳನ್ನು ಎರಡೂ ಅಂಗೈಯಲ್ಲಿ ಕೂಡಿಸಿಕೊಂಡು ಊಟದ ತಟ್ಟೆಯ ಮೇಲೆ ತಟ್ಟಿ ತಟ್ಟಿ ಸಮ ಮಾಡುತ್ತಿದ್ದಳು. ಇಪ್ಪತ್ತೈದು ವರ್ಷದ ಅಭ್ಯಾಸ ಎಂದುಕೊಂಡು ಅವನು ಗಮನ ಕೊಡಲಿಲ್ಲ.

ಗುರುವಾರ ಗ್ರಹಚಾರ. ಔಷಧದ ಕಂಪನಿಯ ಚೀಟಿಗಳು ತುರ್ತಾಗಿ ಹೋಗಬೇಕಿತ್ತು, ಯಜಮಾನರು ಬಿಡಲಿಲ್ಲ. ಅವನು ಓಣಿಗಳಲ್ಲಿ ಓಡುತ್ತಾ ವಾರ್ಡು ಮುಟ್ಟುವ ಹೊತ್ತಿಗೆ ಐದೂವರೆ. ಡಾಕ್ಟರಿಗೆ ಉತ್ತರ ಹೇಳಲು ಅರ್ಧ ಗಂಟೆ ಉಳಿದಿತ್ತು. ಸಿಸ್ಟರ್ ಮಂಚದ ಪಕ್ಕ ನಿಂತು, "ಅಮ್ಮ, ಉಗುರು ಕತ್ತರಿಸಿದ್ದಾಯ್ತಾ? ನನ್ನ ಕತ್ತರಿ ಕೊಡಿ, ಬ್ಯಾಂಡೇಜಿಗೆ ಬೇಕು" ಎನ್ನುತ್ತಿದ್ದರು. ಮಗಳು ಆಗಲೇ ಎಲೆ ಕಲೆಸಿ ಮುಗಿಸಿದ್ದಳು.

"ಕೊಡು, ನಾನೊಂದು ಸಲ ಕಲೆಸ್ತೀನಿ" ಎಂದ ಅವನು, ಏದುಸಿರಿನಲ್ಲೇ.

"ಬೇಡ" ಎಂದಳು ಹೆಂಡತಿ. "ಕಲೆಸಿ ಆಗಿದೆ. ನಿಮ್ಮ ಕೈ ನೋಡಿ, ಮಸಿ."

ಎಲ್ಲ ಮುಗಿಯಿತು ಎಂದುಕೊಂಡು ಸ್ಟೂಲಿನ ಮೇಲೆ ಕುಳಿತ. ಅವಳು ಬಗ್ಗಿ, ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು, ನಿಧಾನವಾಗಿ ತಡಕಿ ತಡಕಿ ಎತ್ತಿದಳು. ಈ ಸಲ ಹೆಚ್ಚುಕಡಿಮೆ ಅರ್ಧ ಕಟ್ಟು ಕೆಳಗೆ ಉಳಿಯಿತು. ಮಗಳು ಎಲೆ ತೆರೆದಳು. ಓಣಿ. ಓಣಿ. ಮೆಟ್ಟಿಲು. ಮುಚ್ಚಿದ ಗೋಡೆ. ಬೀಗದ ಬಾಗಿಲು; ದಾಳದಲ್ಲಿ ಒಂಬತ್ತು. ಓಣಿ. ಅವನು ಕಣ್ಣು ಮುಚ್ಚಿಕೊಂಡಿದ್ದ. ಹನ್ನೊಂದನೆಯ ಎಲೆಗೆ ಮಗಳು ಕಿರುಚಿದಳು. ಡ್ರೈವರ್ ತನ್ನ ಮಂಚದಿಂದಲೇ ಚಪ್ಪಾಳೆ ತಟ್ಟಿದ.

"ಆಯ್ತಪ್ಪ" ಎಂದಳು ಹೆಂಡತಿ. "ಹೇಳಿದ ಮಾತು ಹೇಳಿದ್ದೇ. ಕಾಗದ ತನ್ನಿ."

ಒಪ್ಪಿಗೆಯ ಕಾಗದಕ್ಕೆ ಅವಳು ಮಾಡಿದ ಸಹಿ ಗೆರೆ ಬಿಟ್ಟು ಕೆಳಕ್ಕೆ ವಾಲಿತ್ತು. ನೂಲೆಳೆಗೆ ಮಾತ್ರ ಕುಣಿಯಬೇಕೆನಿಸಿತು. ಎರಡು ಆಟ ತನ್ನ ಮೋಸ, ನಿಜ. ಆದರೆ ಮೂರನೆಯದಕ್ಕೆ ತಾನು ಬೆರಳು ಸೋಕಿಸಲಿಲ್ಲ. ಅದು ತಾನಾಗಿ ಬಂತು. ಅವಳು ಉಳಿಯುತ್ತಾಳೆ ಎಂದು ಯಾರೋ ಮೇಲೆ ಬರೆದಿಟ್ಟಿದ್ದಾರೆ ಎಂದೇ ನಂಬಿದ.

ಅವಳು ಉಳಿಯಲಿಲ್ಲ. ಏಳು ಗಂಟೆ ಆಪರೇಷನ್ ನಡೆಯಿತು. ಗಡ್ಡೆ ತೆಗೆದರು. ಉಸಿರು ತಾನಾಗಿ ಮರಳಲಿಲ್ಲ. ಯಂತ್ರ ಎರಡು ದಿನ ಅವಳ ಎದೆಯನ್ನು ಏರಿಸಿ ಇಳಿಸಿತು, ಭಾನುವಾರ ಬೆಳಿಗ್ಗೆ ಅದಕ್ಕೂ ಆಗಲಿಲ್ಲ. ನೋಡಲು ಬಿಟ್ಟರು, ಆದರೆ ಗಾಜಿನ ಆಚೆಯಿಂದ.

ಹದಿನೈದು ದಿನಕ್ಕೆ ನೂಲೆಳೆ ಕೆಲಸಕ್ಕೆ ಬಂದ. ಕೆಲಸ ಕೆಡಲಿಲ್ಲ, ಮಾತು ಕೆಟ್ಟಿತು. ಒಂದು ವರ್ಷ ಇರುತ್ತೇನೆ ಎಂದವಳ ವರ್ಷವನ್ನು ತಾನೇ ಅಲಗಿನ ಕೆಳಗಿಟ್ಟೆ ಎಂಬ ಮಾತು ಒಳಗೇ ಕೊರೆಯಿತು. ಮನೆಯ ಕುರ್ಚಿಯಲ್ಲಿ ಕುಳಿತು, ಅವಳು ಕೇಳುತ್ತೇನೆ ಎಂದಿದ್ದ ತನ್ನ ಹೆಜ್ಜೆಯ ಸದ್ದನ್ನು ತಾನೇ ನೆನೆಯುತ್ತಿದ್ದ. ಮಗಳಿಗೆ ಹೇಳಲು ಬಾಯಿ ಬರಲಿಲ್ಲ. "ಅಪ್ಪ, ಅಮ್ಮ ತಾನೇ ಒಪ್ಪಿದ್ದಲ್ವಾ?" ಎಂದು ಅವಳು ಸಮಾಧಾನ ಹೇಳಿದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದ. ಹಿಡಿದುಕೊಳ್ಳಲು ಅವನಿಗೆ ಇದ್ದದ್ದು ಒಂದೇ ಕಡ್ಡಿ: ಮೂರನೆಯ ಆಟ ನನ್ನದಲ್ಲ. ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದ, ನನ್ನದಲ್ಲ, ನನ್ನದಲ್ಲ.

ಆಸ್ಪತ್ರೆಯಿಂದ ತಂದ ಚೀಲವನ್ನು ಮಗಳು ಎರಡು ತಿಂಗಳ ಮೇಲೆ ಬಿಚ್ಚಿದಳು. ಬಾಚಣಿಗೆ, ಟವೆಲ್, ಕನ್ನಡಕದ ಡಬ್ಬಿ, ರಬ್ಬರ್ ಬ್ಯಾಂಡ್ ಹಾಕಿದ ಎಲೆಗಳ ಕಟ್ಟು. "ಇದನ್ನ ಸಿಸ್ಟರ್‌ಗೆ ಕೊಡ್ಲಾ ಅಪ್ಪ? ಅವರ ಕಟ್ಟು ಹರಿದುಹೋಗಿದೆಯಂತೆ."

"ನಾನು ಕೊಡ್ತೀನಿ" ಎಂದು ಕಸಿದುಕೊಂಡ.

ಮೋಸದ ಕಟ್ಟನ್ನು ಇನ್ನೊಬ್ಬ ರೋಗಿಯ ಕೈಗೆ ಕೊಡಲು ಅವನಿಂದ ಆಗುತ್ತಿರಲಿಲ್ಲ. ಉಳಿದ ಐವತ್ತಮೂರು ಎಲೆಗಳಿಂದಲೂ ಒಂದೊಂದು ನೂಲೆಳೆ ತೆಗೆದರೆ ಎಲ್ಲ ಸಮನಾಗುತ್ತದೆ, ಆ ಪಾಪ ಅಲ್ಲಿಗೆ ಅಳಿಸಿತು. ಮಾರನೆಯ ದಿನ ಮಧ್ಯಾಹ್ನ ಕಟ್ಟನ್ನು ಯಂತ್ರದ ಮೇಲೆ ತಟ್ಟಿ ಸಮ ಮಾಡಿ, ಅಂಚಿಗೆ ಕಣ್ಣಿಟ್ಟು ನೋಡಿದ.

ಕಿರಿದಾದ ಎಲೆ ಇದ್ದ ಕಡೆ ಅಂಚಿನಲ್ಲಿ ಕಪ್ಪು ಗೆರೆ ಕಂಡಿತು. ಇರಬೇಕಾದ್ದಕ್ಕಿಂತ ಆಳವಾದ ಗೆರೆ. ಅವನು ತೆಗೆದದ್ದು ಒಂದು ನೂಲೆಳೆ. ಇದು ಮೇಲ್ಗಡೆ ಎರಡು, ಕೆಳಗೆ ನಾಲ್ಕು. ಎಲೆ ಎಳೆದು ತೆಗೆದ. ಹೊರದಾರಿಯೇ. ಅಂಚು ಯಂತ್ರದ್ದಲ್ಲ, ಕತ್ತರಿಯದು; ಅಲ್ಲಲ್ಲಿ ಕಚ್ಚಿ ಕಚ್ಚಿ ಕತ್ತರಿಸಿದ ಗುರುತು. ಮೇಲೆ ಸರಿಯಾಗಿ ಹೊರಟು ಕೆಳಗೆ ಬರುಬರುತ್ತಾ ಎಡಕ್ಕೆ ವಾಲಿತ್ತು.

ಲೋಕದಲ್ಲಿ ಹಾಗೆ ಕತ್ತರಿಸುತ್ತಿದ್ದವಳು ಒಬ್ಬಳೇ.

ಆಗ ಎಲ್ಲ ಒಂದೊಂದಾಗಿ ನೆನಪಾಯಿತು. ಬುಧವಾರ ತಟ್ಟೆಯ ಮೇಲೆ ಎಲೆ ತಟ್ಟಿದ್ದು ಅಭ್ಯಾಸಕ್ಕಲ್ಲ. ಬೆರಳು ಹೋದರೆ ಅವಳಿಗೆ ಕಣ್ಣಿರಲಿಲ್ಲವೇ? ತಟ್ಟಿ ನೋಡಿದರೆ ಅಂಚಿನ ಗೆರೆ ಕಾಣುತ್ತದೆಂದು ಮಹಡಿಯ ಮೇಜಿನ ಮುಂದೆ ಇಪ್ಪತ್ತೈದು ವರ್ಷ ನಿಂತವಳಿಗೆ ಯಾರು ಹೇಳಿಕೊಡಬೇಕು? ತನ್ನ ಮೋಸ ಅವಳಿಗೆ ಅಂದೇ ತಿಳಿದಿತ್ತು. ಸಿಸ್ಟರ್ ಕೊಟ್ಟ ಕತ್ತರಿ ಉಗುರಿಗಲ್ಲ. ಗಾಜಿನ ಆಚೆ ಮಲಗಿದ್ದವಳ ಉಗುರುಗಳು ಬೆಳೆದ ಹಾಗೇ ಇದ್ದವು, ಅವನು ನೋಡಿದ್ದ. ಅವನ ನೂಲೆಳೆ ಅವಳ ಮರಗಟ್ಟಿದ ಬೆರಳಿಗೆ ಸಿಗುತ್ತಿರಲಿಲ್ಲ. ಅದಕ್ಕೇ ಅವಳು ಇನ್ನಷ್ಟು ಕತ್ತರಿಸಿ, ತಡಕಿ, ಸಿಕ್ಕ ಜಾಗದಿಂದ ಹತ್ತು ಎಲೆ ಮೇಲಕ್ಕೆ ಬಿಟ್ಟು ಎತ್ತಿದ್ದಳು. ಅವನು ಚಾಪೆಯ ಕೆಳಗೆ ತೂರಿದ್ದ, ಅವಳು ರಂಗೋಲಿಯ ಕೆಳಗೆ ತೂರಿದ್ದಳು.

ಹಾಗಾದರೆ ಮೇಲೆ ಯಾರೂ ಏನೂ ಬರೆದಿರಲಿಲ್ಲ. ಮೂರೂ ಮೋಸದ ಆಟಗಳೇ. ಹಿಡಿದುಕೊಂಡಿದ್ದ ಕಡ್ಡಿಯೂ ಹೋಯಿತು. ಆದರೆ ಸೋಲುವುದಕ್ಕೆಂದೇ ಮೂರು ಆಟ ಇಟ್ಟವಳು, ಸುಮ್ಮನಿದ್ದಿದ್ದರೆ ಸೋತು ಮನೆಗೆ ಬರಬಹುದಾಗಿದ್ದವಳು, ಚಮಚ ಹಿಡಿಯಲಾಗದ ಕೈಯಲ್ಲಿ ಕತ್ತರಿ ಹಿಡಿದು ಗೆದ್ದಿದ್ದಳು. ಅವನಿಗಾಗಿಯೋ, ತನಗಾಗಿಯೋ. ಅವಳಿಗೆ ಬದುಕಬೇಕಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಅವನೂ ಕೇಳಲಿಲ್ಲ. ಇಬ್ಬರೂ ಕಾಗದದ ಜನ.

ಯಂತ್ರದ ತಣ್ಣನೆಯ ಕಬ್ಬಿಣಕ್ಕೆ ಹಣೆ ಊರಿ ನೂಲೆಳೆ ಅತ್ತ. ಎರಡು ತಿಂಗಳಿಂದ ಬಾರದ ಅಳು ಬಂತು.

ಊಟ ಮುಗಿಸಿ ಬಂದ ಯಜಮಾನರು ಬಾಗಿಲಲ್ಲೇ ನಿಂತರು. ಅವನ ಕೈಯಲ್ಲಿದ್ದ ಎಲೆಯನ್ನು ನೋಡಿದರು.

"ಏನಯ್ಯಾ ಅದು? ವಾಲಿದೆಯಲ್ಲ."

"ಹೂಂ ಸ್ವಾಮಿ, ವಾಲಿದೆ."

"ಯಂತ್ರಕ್ಕೆ ಕೊಡು, ಸರಿಯಾಗುತ್ತೆ."

ನೂಲೆಳೆ ಮುಖ ಒರೆಸಿಕೊಂಡ. ಎಲೆಯನ್ನು ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿದ.

"ಬೇಡ, ಹಾಗೇ ಇರಲಿ" ಎಂದ.